ಒಣಕೆರೆಯಲ್ಲಿ ಮೂರಡಿ ಮಣ್ಣು

ಕೋವಿಡ್ ವರ್ಷ ಯಜಮಾನರು ತೀರಿಹೋದ ಮೇಲೆ, ಕೆಲವೊಂದು ದಿನ ನಾನು ಮಾತಾಡುವುದು ಎದುರು ಅಪಾರ್ಟ್‌ಮೆಂಟಿನ ಪ್ರಶಾಂತನ ಜೊತೆ ಮಾತ್ರ. ಸ್ಟರ್ಲಿಂಗ್‌ನ ನಕ್ಷೆ ಕಂಪನಿಯೊಂದರಲ್ಲಿ ಕೆಲಸ ಮುಗಿಸಿ ನಮ್ಮೂರು ಜರ್ಮನ್‌ಟೌನ್‌ಗೆ ದಣಿದು ಬಂದರೂ ನನ್ನ ಬಾಗಿಲು ತಟ್ಟಿಯೇ ಒಳಗೆ ಹೋಗುತ್ತಾನೆ.

ಲಿಥಿಯಂ ತೆಗೆಯುವವರಿಗಾಗಿ ನೆವಾಡಾದ ಒಣಕೆರೆಯೊಂದರ ನಕ್ಷೆ ಮಾಡುತ್ತಿದ್ದೇನೆ ಎಂದು ಅವನು ಒಂದು ದಿನ ಹೇಳಿದ. ಕೆರೆಯ ಹೆಸರು ಕೇಳಿ ಲೋಟ ಕೆಳಗಿಟ್ಟೆ. ಮದುವೆಯಾದ ಹೊಸದರಲ್ಲಿ ನಾವು ಅಲ್ಲಿದ್ದೆವು. ಉಪ್ಪುನೀರು ಒಣಗಿಸಿ ವಾಷಿಂಗ್ ಸೋಡಾ ತೆಗೆಯುವ ಕಾರ್ಖಾನೆಯಲ್ಲಿ ನನ್ನ ಯಜಮಾನರು ಮುರಳೀಧರ ಕೆಮಿಸ್ಟ್ ಆಗಿದ್ದರು. ಆ ನೆಲದಲ್ಲಿ ಹುಲ್ಲೂ ಹುಟ್ಟುತ್ತಿರಲಿಲ್ಲ. ಭಾನುವಾರಗಳಲ್ಲಿ ಅವರು ಬೆಟ್ಟದ ಕಡೆಯಿಂದ ಪಿಕಪ್‌ನಲ್ಲಿ ಮಣ್ಣು ತಂದು, ಅಡಿಗೆಮನೆಯ ಹಿಂದೆ ಉಪ್ಪು ಮೇಲೇರದಷ್ಟು ಎತ್ತರಕ್ಕೆ ಪೇರಿಸಿದರು. ಅದರಲ್ಲಿ ಕೊತ್ತಂಬರಿ ಬೆಳೆದೆವು. ನಾವಿದ್ದ ಕಾರ್ಖಾನೆಯ ಕ್ವಾರ್ಟರ್ಸ್ ಕೆಡವಿ ಎಷ್ಟೋ ಕಾಲವಾಯಿತು. ಆ ಮಣ್ಣಿನ ದಿಬ್ಬ ಉಳಿದಿದೆಯೇ ಎಂಬುದೊಂದೇ ನನಗೆ ತಿಳಿಯಬೇಕಿತ್ತು.

ಆ ಜಾಗ ತೋರಿಸು ಎಂದಷ್ಟೇ ಕೇಳಿದೆ. ಮರುದಿನ ಪ್ರಶಾಂತ ನಕ್ಷೆ ತೋರಿಸಲು ಲ್ಯಾಪ್‌ಟಾಪ್ ತಂದ.

"ನೋಡಿ ಆಂಟಿ, ಫುಲ್ ಫ್ಲ್ಯಾಟ್. ಇಸ್ತ್ರಿ ಹಾಕಿದ ಹಾಗಿದೆ."

"ಒಂದು ಉಬ್ಬೂ ಇಲ್ವೇನೋ?"

"ಇಲ್ಲ. ಯಾಕೆ, ಏನಿತ್ತು ಅಲ್ಲಿ?"

ಹೇಳಿದೆ.

"ಕೊತ್ತಂಬರಿಗೋಸ್ಕರ ಅಷ್ಟು ಮಣ್ಣಾ? ಅಂಕಲ್ ಭಾರಿ ರೊಮ್ಯಾಂಟಿಕ್ ಬಿಡಿ."

"ಏನು ರೊಮ್ಯಾಂಟಿಕ್. ಮಜ್ಜಿಗೆಹುಳಿಗೆ ಅವರಿಗೇ ಬೇಕಿತ್ತು."

ಅವನು ನಕ್ಕ. ಆಮೇಲೆ ನನ್ನ ಮುಖ ನೋಡಿ ಪರದೆಯ ಕಡೆ ತಿರುಗಿದ.

"ತಡೀರಿ. ಇದು ಕೆರೆ ಅಂತ ಮಾರ್ಕ್ ಆಗಿದ್ಯಲ್ಲಾ, ಸಾಫ್ಟ್‌ವೇರು ನೀರಿದೆ ಅಂದ್ಕೊಂಡು ಎಲ್ಲಾನೂ ಲೆವೆಲ್ ಮಾಡ್ಬಿಟ್ಟಿದೆ. ಒಣಗಿದೆ ಅಂತ ನಾವೇ ಹೇಳ್ಬೇಕಿತ್ತು, ಮರೆತ್ವಿ."

ವಿಮಾನದಿಂದ ಅಳೆದ ಮೂಲ ಅಳತೆಗಳನ್ನು ತೆರೆದ. ಬೂದು ಬಯಲಿನ ಅಂಚಿನಲ್ಲಿ, ಸುತ್ತ ಏನೂ ಇಲ್ಲದೆಡೆ, ಒಂದು ಚಿಕ್ಕ ಉಬ್ಬು. ನಾನು ಕನ್ನಡಕ ತೆಗೆದು ಒರೆಸಿಕೊಂಡೆ. ಅವನು ಆ ಹೊತ್ತು ಫೋನ್ ನೋಡುತ್ತಾ ಕುಳಿತ, ನನ್ನ ಕಡೆ ನೋಡಬಾರದೆಂದೇ.

"ಮ್ಯಾಪಲ್ಲಿ ಬರುತ್ತಾ?"

"ಹತ್ತಡಿ ಎತ್ತರಕ್ಕೊಂದು ಗೆರೆ ಆಂಟಿ. ಇದು ಮೂರಡಿ, ಗೆರೆ ಬರಲ್ಲ." ಸ್ವಲ್ಪ ಯೋಚಿಸಿದ. "ಆದ್ರೆ ಇಷ್ಟು ಫ್ಲ್ಯಾಟ್ ಜಾಗದಲ್ಲಿ ಎಲ್ಲಾದ್ರೂ ಒಂದು ಎತ್ತರದ ನಂಬರ್ ಹಾಕ್ಲೇಬೇಕು. ಎಲ್ಲಿ ಅನ್ನೋದು ನನಗೆ ಬಿಟ್ಟಿದ್ದು."

ತಿಂಗಳ ನಂತರ ಅಚ್ಚಾದ ಹಾಳೆ ತಂದುಕೊಟ್ಟ. ಗೆರೆಗಳಿಲ್ಲದ ಬಿಳುಪಿನಲ್ಲಿ, ನಮ್ಮ ದಿಬ್ಬವಿರುವ ಕಡೆ ಒಂದು ಚುಕ್ಕೆ, ಪಕ್ಕದಲ್ಲಿ ಎತ್ತರದ ಅಂಕಿ. ಹೆಸರಿಲ್ಲ. ಅಲ್ಲೇ ಯಾಕೆ ಎಂದು ಯಾರೂ ಕೇಳಲಾರರು. ಲಿಥಿಯಂ ಕಂಪನಿಯವರು ದಿಬ್ಬ ಅಗೆದು ಸಮ ಮಾಡಿಯೂ ಮಾಡಬಹುದು. ಪ್ರಶಾಂತನಿಗೆ ಭಾನುವಾರದ ಮಣ್ಣಿನ ವಿಷಯವನ್ನೆಲ್ಲ ಮೊದಲಿಂದ ಹೇಳಿದೆ. ಗೊತ್ತಿದ್ದರೂ ಶೂ ಬಿಚ್ಚಿಟ್ಟು ಕುಳಿತು ಕೇಳಿದ.