ಬಾಲ್ಕನಿಯ ಬಕೆಟ್

ಚಿತಾಗಾರದ ಬಾಗಿಲು ದಾಟಿ ಹೊರಗೆ ಬಂದ ಜಯರಾಮ ಮಾಸ್ಕನ್ನು ಗದ್ದಕ್ಕೆ ಇಳಿಸಿಕೊಂಡು, ಜೇಬಿನಿಂದ ಫೋನ್ ತೆಗೆದು ಹವಾಮಾನ ನೋಡಿದ. ಪಕ್ಕದಲ್ಲಿದ್ದ ಮಗಳು ಅರ್ಪಿತಾಳಿಗೆ ಅದು ಕಂಡಿತು.

"ಅಪ್ಪಾ, ಏನ್ ನೋಡ್ತಿದೀರಾ?"

"ರಾತ್ರಿ ಮೈನಸ್ ನಾಲ್ಕಂತೆ."

"ಸೋ?"

"ದೋಣಿ ಎಂಜಿನ್ನಲ್ಲಿ ನೀರು ಹಾಗೇ ಇದೆಯಮ್ಮ. ಹೆಪ್ಪುಗಟ್ಟಿದ್ರೆ ಸೀಳ್ಹೋಗುತ್ತೆ."

ಅರ್ಪಿತಾ ಮುಖ ತಿರುಗಿಸಿದಳು. ಅಮ್ಮನ ಪೆಟ್ಟಿಗೆ ಪರದೆಯ ಹಿಂದೆ ಸರಿದು ಇನ್ನೂ ಎಷ್ಟು ಹೊತ್ತಾಗಿತ್ತು?

ಅವಳ ಕೈಯಲ್ಲಿದ್ದ ಫೋನಿನಲ್ಲಿ ನಂಜನಗೂಡಿನ ಶಾಂತತ್ತೆ, ಜಯರಾಮನ ಅಕ್ಕ, ಇನ್ನೂ ಮಾತಾಡುತ್ತಲೇ ಇದ್ದಳು. "ಆ ಲೈವ್ ಕ್ಯಾಮೆರಾ ಎಲ್ಲಿ ಇಟ್ಟಿದ್ರೋ ಏನೋ, ನಿಮ್ಮಗಳ ಬೆನ್ನೇ ಕಂಡಿದ್ದು. ಹೋಗ್ಲಿ, ಈಗ ಸೀದಾ ಮನೆಗೆ ಹೋಗಿ ತಲೆಗೆ ನೀರು ಹಾಕ್ಕೊಳ್ಳಿ. ದೀಪ ಆರದ ಹಾಗೆ ಯಾರಾದ್ರೂ ಕೂತಿದಾರಾ?"

"ಅಕ್ಕ, ನಾನು ಮೊದ್ಲು ದೋಣಿ ಹತ್ರ ಹೋಗ್ಬರ್ತೀನಿ."

"ಏನಂದೆ? ಸ್ಮಶಾನದಿಂದ ನೆಟ್ಟಗೆ ದೋಣೀಗಾ? ಹೆಂಡ್ತಿ ಬೂದಿ ಇನ್ನೂ ಆರಿಲ್ಲ ಕಣೋ! ಮೈಲಿಗೆ ಗೀಲಿಗೆ ಎಲ್ಲಾ ಆ ದೇಶದಲ್ಲಿ ಬಿಟ್ಬಿಟ್ರಾ?"

ಅರ್ಪಿತಾ ಕರೆ ಕತ್ತರಿಸಿದಳು. ಬಂದಿದ್ದ ಹತ್ತು ಹನ್ನೆರಡು ಮಂದಿ ಯಾರನ್ನೂ ಅಪ್ಪಿಕೊಳ್ಳಲಾಗದೆ, ದೂರದಿಂದಲೇ ಎದೆಯ ಮೇಲೆ ಕೈಯಿಟ್ಟು ಕಾರು ಹತ್ತುತ್ತಿದ್ದರು. ಖತೀಜಾ ಮಾತ್ರ ನಿಂತಿದ್ದಳು. ಹುಬ್ಬಳ್ಳಿಯವಳು. ವಿಮಾನ ನಿಲ್ದಾಣದ ಹತ್ತಿರದ ಹೋಟೆಲೊಂದರ ಲಾಂಡ್ರಿಯಲ್ಲಿ ಅರ್ಪಿತಾಳ ಅಮ್ಮ ದ್ರಾಕ್ಷಾಯಿಣಿಯ ಎದುರು ನಿಂತು ವರ್ಷಗಟ್ಟಲೆ ಬೆಡ್‌ಶೀಟ್ ಮಡಚಿದವಳು. ಇವಳೊಂದು ತುದಿ, ಅವಳೊಂದು ತುದಿ. ಇವತ್ತು ಕೈಗಳನ್ನು ಎಲ್ಲಿಡಬೇಕೆಂದು ಅವಳಿಗೆ ತಿಳಿಯುತ್ತಿರಲಿಲ್ಲ.

"ಅಮ್ಮನಿಗೆ ಆ ಬೋಟ್ ಕಂಡ್ರೇ ಆಗ್ತಿರ್ಲಿಲ್ಲ ಆಂಟಿ," ಎಂದಳು ಅರ್ಪಿತಾ. "ಸವತಿ ಅಂತಿದ್ರು. ಚಳೀಲಿ ನಿಂತು ನಿಂತು ಬೆರಳೆಲ್ಲ ಒಡೀತಿತ್ತು. ಅಪ್ಪ ಒಳಗೆ ಬೆಚ್ಚಗೆ."

"ಸವತಿ ಅಂತಿದ್ಲು, ಖರೆ." ಖತೀಜಾಳ ಮಾಸ್ಕಿನ ಮೇಲೆ ಕಣ್ಣುಗಳು ಸ್ವಲ್ಪ ನಕ್ಕವು. "ಸವತಿ ಬಾಣಂತನಾನೂ ಆಕೀನ ಮಾಡ್ತಿದ್ಲು ನೋಡವಾ. ನಮಗ್ಯಾರಿಗೂ ಬಿಡ್ತಿದ್ದಿಲ್ಲ. ಹೋಗು, ಅಪ್ಪನ ಕೂಡ ಹೋಗು. ಒಬ್ಬರ ಕೆಲಸ ಅಲ್ಲಂತ ಅದು."

\*

ಹಳೆಯ ದೋಣಿ ಕೊಂಡ ಮೊದಲ ಚಳಿಗಾಲ, ಜಯರಾಮ ಕಾರಿಗೆ ಹಾಕುವ ಹಸಿರು ಆ್ಯಂಟಿಫ್ರೀಜನ್ನೇ ತಂದಿದ್ದ. ಸಮುದ್ರದ ನೀರೆಳೆಯುವ ಕೊಳವೆಯನ್ನು ಬಿಚ್ಚಿ ಅದರೊಳಗೆ ಅದ್ದಿ ಎಂಜಿನ್ ಓಡಿಸಿದರೆ, ಒಳಗಿನ ನೀರೆಲ್ಲ ಹಿಂದಿನಿಂದ ಹೊರಬಿದ್ದು, ಅದರ ಜಾಗದಲ್ಲಿ ಹೆಪ್ಪುಗಟ್ಟದ ಈ ದ್ರವ ನಿಲ್ಲುತ್ತದೆ. ಕೀ ತಿರುಗಿಸುವವನಿಗೆ ದೋಣಿಯ ಹಿಂಬದಿ ಕಾಣುವುದಿಲ್ಲ.

"ದ್ರಾಕ್ಷೀ, ನೀನು ಹಿಂದೆ ನಿಂತ್ಕೊ. ಹಸಿರು ಕಂಡ ತಕ್ಷಣ ಕೂಗು."

ದ್ರಾಕ್ಷಾಯಿಣಿ ನಿಂತಳು. ನೀರು, ನೀರು, ಆಮೇಲೆ ಹಸಿರು. "ಬಂತು!" ಎಂದು ಕೂಗಿದಳು. ಹಸಿರು ಅಳಿವೆಯ ನೀರಿಗೆ ಬಿದ್ದು ಚದುರಿತು.

ಪಕ್ಕದ ದೋಣಿಯ ಮುದುಕ ಟಾಮ್ ತಲೆಯಲ್ಲಾಡಿಸಿದ. ಅದು ವಿಷ, ರುಚಿ ಮಾತ್ರ ಸಿಹಿ, ಅದಕ್ಕೇ ನಾಯಿಗಳು ನೆಕ್ಕಿ ಸಾಯುತ್ತವೆ ಎಂದ.

"ರೀ, ಸಿಹಿಯಂತೆ."

"ಇಷ್ಟು ದೊಡ್ಡ ನೀರಲ್ಲಿ ಅದ್ಯಾವ ಲೆಕ್ಕ ಬಿಡೆ. ಬೆಳಿಗ್ಗೆ ನೀನೂ ನೀರಿಗೆ ಅರಿಶಿನ ಕುಂಕುಮ ಹಾಕ್ಲಿಲ್ವಾ?"

"ನಾನು ಹಾಕಿದ್ದನ್ನ ಹಂಸ ತಿಂದ್ರೆ ಸಾಯಲ್ಲ."

ಮನೆಗೆ ಬಂದು ಪಾಯಸಕ್ಕೆ ಬೆಲ್ಲ ಹಾಕುವಾಗ ಅವಳ ಕೈ ತಡೆಯಿತು. ಬಂತು ಎಂದು ಕೂಗಿದ್ದು ತಾನೇ. ಅದೂ ಎಷ್ಟು ಖುಷಿಯಿಂದ ಕೂಗಿದ್ದಳು!

ಮರುವರ್ಷ ಅವಳೇ ಕಟ್ಟಳೆ ಮಾಡಿದಳು. ವಿಷ ಕಡಿಮೆಯಿರುವ ಗುಲಾಬಿ ಬಣ್ಣದ್ದೇ ಆಗಬೇಕು. ಅದನ್ನೂ ನೀರಿಗೆ ಬಿಡಕೂಡದು. ಬಕೆಟ್ ಒಡ್ಡಿ ಹಿಡಿದು, ಕ್ಯಾನಿಗೆ ತುಂಬಿ, ಕೌನ್ಸಿಲ್‌ನವರ ರೀಸೈಕ್ಲಿಂಗ್ ಸೆಂಟರಿಗೆ ಕೊಡಬೇಕು.

"ಎಂಜಿನ್ ನಿಮ್ದು," ಎಂದಳು. "ಹೊರಗೆ ಬಂದಿದ್ದು ನಂದು."

\*

ಸ್ವೋರ್ಡ್ಸ್ ಪಟ್ಟಣದ ತಮ್ಮ ಅಪಾರ್ಟ್‌ಮೆಂಟಿನ ಮುಂದೆ ಜಯರಾಮ ಕಾರು ನಿಲ್ಲಿಸಿದ, ಇಳಿಯಲಿಲ್ಲ.

"ಪ್ರತಿವರ್ಷ ಆಯುಧಪೂಜೆ ಮುಗಿದ ವಾರವೇ ಮಾಡ್ತಿದ್ವಿ. ಈ ಸಲ ಲಾಕ್‌ಡೌನ್ ಅಂತ ದೋಣಿಕಟ್ಟೆ ಮುಚ್ಚಿದ್ರು. ಗೇಟು ತೆಗೆಯೋ ಹೊತ್ತಿಗೆ ಇವಳಿಗೆ ಸ್ಟ್ರೋಕು."

"ನಾಳೆ ಮಾಡಬಹುದಲ್ಲ ಅಪ್ಪಾ. ಒಡೆದ್ರೆ ಒಡೀಲಿ." ಅರ್ಪಿತಾ ಮನಸ್ಸಿನಲ್ಲಿ ಆ ದೋಣಿಯನ್ನು ಆಗಲೇ ಮಾರಿಬಿಟ್ಟಿದ್ದಳು.

ಜಯರಾಮ ಸ್ಟಿಯರಿಂಗ್ ನೋಡುತ್ತ ಕೂತ. "ಆಸ್ಪತ್ರೇಲಿ ಒಳಗೆ ಬಿಡಲ್ಲ ಅಂದ್ರಲ್ಲ. ಕೊನೇ ದಿನ ನರ್ಸು ಅವಳ ಕಿವಿ ಹತ್ರ ಫೋನ್ ಹಿಡಿದಿದ್ರು. ಮಾತು ತೊದಲ್ತಿತ್ತು. 'ಗುಲಾಬೀದೇ ತಂದ್ರಾ? ಬಕೆಟ್ ಬಾಲ್ಕನೀಲಿದೆ. ಒಬ್ರೇ ಮಾಡ್ಬೇಡಿ' ಅಂದ್ಲು. ಅದೆಲ್ಲ ಇರ್ಲಿ ಕಣೆ, ನೀನು ಹೇಗಿದೀಯ ಅಂದೆ. 'ಗ್ರ್ಯಾಂಡ್' ಅಂದ್ಲು, ಇಲ್ಲಿಯವರ ಥರಾನೇ, ಚೆನ್ನಾಗಿದೀನಿ ಅಂತ." ಅವನು ಮೂಗು ಒರೆಸಿಕೊಂಡ. "ಅಷ್ಟೇ ಕಣಮ್ಮ. ಬೇರೆ ಏನೂ ಹೇಳ್ಲಿಲ್ಲ."

ಅರ್ಪಿತಾ ಇಳಿದು ಮೇಲೆ ಹೋದಳು. ನೆರೆಮನೆಯ ವಿನೋದಿನಿ ದೀಪದ ಮುಂದೆ ಕೂತಿದ್ದಳು, ಕಿಟಕಿಗಳನ್ನೆಲ್ಲ ತೆರೆದಿಟ್ಟುಕೊಂಡು. ಅವಳನ್ನು ಮುಟ್ಟದೆ ಬಳಸಿಕೊಂಡು ಅರ್ಪಿತಾ ಬಾಲ್ಕನಿಗೆ ನಡೆದಳು.

ನೀಲಿ ಬಕೆಟ್ಟು. ಹಿಡಿಗೆ ಸುತ್ತಿದ ಹಗ್ಗ. ಬಾಯಿಗೆ ಮುಚ್ಚಿದ ಸ್ಟೀಲಿನ ತಟ್ಟೆ. ಎತ್ತಿಕೊಂಡಾಗ ಅದರ ಮಗ್ಗುಲು ಅವಳ ಕಡೆ ತಿರುಗಿತು.

ಅರಿಶಿನದ ಮೇಲೆ ಕುಂಕುಮ. ಅದರ ಕೆಳಗೆ ಮಾಸಿದ್ದು, ಅದರ ಕೆಳಗೆ ಇನ್ನೂ ಮಾಸಿದ್ದು, ವರ್ಷಕ್ಕೊಂದರಂತೆ ಪದರಪದರವಾಗಿ ಹತ್ತಿದ ಬೊಟ್ಟುಗಳು. ಆಯುಧಪೂಜೆಯ ದಿನ ಅಪ್ಪ ಎಂಜಿನ್ನಿಗೆ ನಿಂಬೆಹಣ್ಣು ಕುಯ್ದು, ಫೋಟೊ ತೆಗೆದು ಎಲ್ಲರಿಗೂ ಕಳಿಸುತ್ತಿದ್ದ. ಆ ಫೋಟೊಗಳಲ್ಲಿ ಯಾವತ್ತೂ ಬಕೆಟ್ ಇರಲಿಲ್ಲ. ಈ ವರ್ಷದ ಬೊಟ್ಟು ಎಲ್ಲಕ್ಕಿಂತ ಮೇಲೆ ಕೆಂಪಗಿತ್ತು, ಅಮ್ಮನ ಬೆರಳಿನಷ್ಟೇ ಅಗಲ.

"ಸಿಗ್ತಾ?" ಎಂದಳು ವಿನೋದಿನಿ.

"ಹೂಂ," ಎಂದಳು ಅರ್ಪಿತಾ. ತಾನು ಅಂದುಕೊಂಡಿದ್ದಕ್ಕಿಂತ ನಿಧಾನವಾಗಿ.

\*

ತೇಲುಗಟ್ಟೆಯ ಹಲಗೆಗಳು ಆಗಲೇ ಜಾರುತ್ತಿದ್ದವು. ಜಯರಾಮ ಕರೀ ಸೂಟಿನಲ್ಲೇ ಮಂಡಿಯೂರಿ, ಎಂಜಿನ್ನಿನ ಕೊಳವೆಯನ್ನು ಗುಲಾಬಿ ದ್ರವದ ಡಬ್ಬದೊಳಗೆ ಇಳಿಸಿದ.

"ಬರೀ ನೀರು ಬರೋವಾಗ ಸುಮ್ನಿರು. ಬಣ್ಣ ಕಂಡ್ರೆ ಬಕೆಟ್ ಒಡ್ಡಿ ಕೂಗು."

"ಏನಂತ ಕೂಗ್ಲಿ?"

ಅವನು ತಲೆಯೆತ್ತಿ ನೋಡಿದ. "ಬಂತು ಅಂತ."

ಎಂಜಿನ್ ಕೆಮ್ಮಿ ಹತ್ತಿತು. ಹಗ್ಗ ಅಂಗೈ ಕೊಯ್ಯುತ್ತಿತ್ತು. ಇಲ್ಲಿಂದ ದೋಣಿಯ ಒಳಗು ಕಾಣುವುದಿಲ್ಲ, ಅಪ್ಪ ಕಾಣುವುದಿಲ್ಲ. ಅಳಿವೆ ಇಡೀ ಕಾಣುತ್ತದೆ, ಆಚೆ ದಡದವರೆಗೆ, ಅದರ ಮೇಲಿನ ಆಕಾಶವೂ. ಅಮ್ಮ ಎಷ್ಟು ಚಳಿಗಾಲ ಹೀಗೆ ಒಬ್ಬಳೇ ನಿಂತು ಇದನ್ನೆಲ್ಲ ನೋಡಿದ್ದಳು.

ನೀರು. ನೀರು. ಆಮೇಲೆ ಗುಲಾಬಿಯ ಒಂದು ಎಳೆ.

ಅರ್ಪಿತಾ ಬಕೆಟ್ ಇಳಿಬಿಟ್ಟಳು. "ಬಂತು!"

ಎಂಜಿನ್ ನಿಲ್ಲಲಿಲ್ಲ.

"ಬಂತಪ್ಪಾ!"

ಇನ್ನೂ ನಿಲ್ಲಲಿಲ್ಲ. ಬಕೆಟ್ ಭಾರವಾಗುತ್ತಿತ್ತು. ಅವನಿಗೆ ಮೊದಲ ಸಲವೇ ಕೇಳಿಸಿರಬೇಕು ಎಂದು ಅವಳಿಗೆ ಆಗ ಹೊಳೆಯಿತು.

"ಬಂತು! ಅಪ್ಪಾ, ತುಂಬ್ತಾ ಇದೆ, ಆಫ್ ಮಾಡಿ!"

ಎಂಜಿನ್ ನಿಂತಿತು. ದೋಣಿಯೊಳಗಿಂದ ಯಾರೂ ಹೊರಗೆ ಬರಲಿಲ್ಲ.

ಅವಳು ಹಗ್ಗವನ್ನು ಹಿಡಿಹಿಡಿಯಾಗಿ ಎಳೆದುಕೊಂಡಳು. ಬಕೆಟ್ಟಿನ ಹೊರಮೈ ಒದ್ದೆಯಾಗಿ ಕುಂಕುಮ ಇಳಿಯುತ್ತಿತ್ತು. ಸದ್ದು ನಿಂತದ್ದೇ ಹಂಸವೊಂದು ತೇಲಿಬಂದು, ತೇಲುಗಟ್ಟೆಯ ಅಂಚಿನಲ್ಲಿ ಕತ್ತು ಚಾಚಿ ಬಕೆಟ್ಟಿನ ಬಾಯಿಯತ್ತ ನೋಡಿತು.

ಅರ್ಪಿತಾ ತಟ್ಟೆ ಮುಚ್ಚಿದಳು. ಮುಚ್ಚಿ, ಅದರ ಮೇಲೆ ಎರಡೂ ಕೈ ಊರಿ ಅಲ್ಲೇ ಹಲಗೆಯ ಮೇಲೆ ಕೂತಳು. ಹಂಸ ಹೋಗಲಿಲ್ಲ. ಅವಳೂ ಕೈ ತೆಗೆಯಲಿಲ್ಲ.