ಬಾವಿಯತ್ತ ಒಂದು ಗೆರೆ

ಗೆರೆ ಸೊಟ್ಟಗಾಗಿತ್ತು. ಚಿಕ್ಕವೆಂಕಟಪ್ಪ ಅದನ್ನು ಕಾಲಿನಿಂದ ಒರೆಸಿ, ನೂಲು ತೆಗೆಯುವ ಶೆಡ್ಡಿನ ಬಾಗಿಲಲ್ಲಿ ಸೀಮೆಸುಣ್ಣದಿಂದ ಇನ್ನೊಂದನ್ನು ಎಳೆದ.

ಕಚ್ಚಾ ತೈಲದ ಬೆಲೆ ಏರಿದ ಮೇಲೆ ಬೆಂಗಳೂರಿನ ಅವನ ಕಚೇರಿಗೆ ಎಲ್ಲದರ ಹಿಂದಿನ ಶಕ್ತಿಯನ್ನೂ ಅಳೆಯುವ ಹುಕಿ ಬಂದಿತ್ತು. ಬೆಂಗಳೂರಿಗೆ ಹತ್ತಿರದ ಈ ವಿಜಯಪುರದಲ್ಲಿ ಒಂದು ಕಿಲೋ ರೇಷ್ಮೆ ನೂಲಿನ ಹಿಂದೆ ಎಷ್ಟು ಸೌದೆ, ಎಷ್ಟು ಗೂಡು, ಎಷ್ಟು ಮನುಷ್ಯರ ದುಡಿಮೆ ಸವೆದಿದೆ? ಎಣಿಕೆ ಬಾಗಿಲಿನಿಂದ ಒಳಗೆ ಮಾತ್ರ, ಎಲ್ಲಾದರೂ ನಿಲ್ಲಿಸಬೇಕಲ್ಲ, ಎಂದಿದ್ದರು ಮೇಲಧಿಕಾರಿ. ಅದಕ್ಕೇ ಈ ಗೆರೆ. ಹೇಳಿದಂತೆ ಬರೆದು ಸಹಿ ಹಾಕಿದರೆ ಕೆಲಸ ಖಾಯಂ. ಇಲ್ಲದಿದ್ದರೆ ಈ ತಿಂಗಳೇ ಕೊನೆ.

ನೀರಿನ ಮುಂದೆ ಅವನು ಸೊನ್ನೆ ಬರೆದಿದ್ದ.

ಬೆಳಗಿನಿಂದ ಬಾವಿಗೂ ಗೂಡು ಬೇಯಿಸುವ ಬಾಣಲೆಗೂ ಓಡಾಡುತ್ತಿದ್ದ ಮುತ್ಯಾಲಮ್ಮ ಇಪ್ಪತ್ತೇಳನೆಯ ಕೊಡದೊಂದಿಗೆ ಗೆರೆಯ ಮುಂದೆ ನಿಂತಳು.

"ಏನಪ್ಪಾ, ನನ್ನ ಎಷ್ಟು ಅಂತ ಬರ್ಕೊಂಡೆ?"

"ನೀವು ಇದರಲ್ಲಿ ಬರಲ್ಲಮ್ಮ. ಬಾವಿ ಆಚೆಗಿದೆ."

"ನೀರು ಒಳಗೈತೆ."

"ನಿಯಮ ಹಾಗೆ."

"ನನ್ನ ಸೊಂಟಕ್ಕೆ ಯಾರೂ ಹೇಳಿಲ್ಲ ನೋಡು ಆ ನಿಯಮ."

ಒಳಗೆ ಯಾರೋ ಕಿಸಕ್ಕನೆ ನಕ್ಕರು. ಮುತ್ಯಾಲಮ್ಮ ಕೊಡವನ್ನು ಗೆರೆಯ ಮೇಲೇ ಇಳಿಸಿ ಪಕ್ಕದಲ್ಲಿ ಕೂತುಬಿಟ್ಟಳು. ಬಾಣಲೆಯ ನೀರು ಇಳಿಯುತ್ತಿತ್ತು. ಶೆಡ್ಡಿನ ಯಜಮಾನ ಅಬ್ದುಲ್ ರಜಾಕ್ ಹೊರಗೆ ಬಂದ.

"ಏನೋ ಒಂದು ಅಂಕಿ ಹಾಕ್ಬಿಡಿ ಸಾರ್. ಗೂಡು ಹಾಳಾಗ್ತದೆ."

"ಏನೋ ಒಂದು ಹಾಕೋಕಾಗಲ್ಲ." ಆ ದನಿ ಕಚೇರಿಯದು ಎಂದು ಚಿಕ್ಕವೆಂಕಟಪ್ಪನಿಗೇ ಅನ್ನಿಸಿತು. ಅವನು ಸೊನ್ನೆಯನ್ನು ಹೊಡೆದುಹಾಕಿದ. "ನಿಮ್ಮನ್ನ ಬರ್ಕೋತೀನಮ್ಮ."

"ಮೊದ್ಲು ಗಂಗಮ್ಮನ್ನ ಬರ್ಕೊ. ದಿನಾ ಅವಳಿಗೆ ಕೈ ಮುಗಿದೇ ಕೊಡ ಇಳಿಬಿಡೋದು. ಆಮೇಲೆ ಬಾವಿ ತೋಡಿದ ನಮ್ಮಪ್ಪನ್ನ."

"ಅವರು ಇದಾರಾ?"

"ಬಾವಿ ಐತಲ್ಲ."

ಮುಂಜಾನೆ ತಾನು ತಿಂದ ಇಡ್ಲಿಯ ಹಿಂದೆ ಯಾರಿದ್ದರು? ಬಡಿಸಿದವನ ಮುಖವೂ ನೆನಪಾಗಲಿಲ್ಲ.

ಅವನು ಗೆರೆಯನ್ನು ಕಾಲಿನಿಂದ ಒರೆಸಿದ. ಮುತ್ಯಾಲಮ್ಮ ಎದ್ದು ಕೊಡವನ್ನು ಒಳಗೆ ಒಯ್ದಳು. ಬಾಣಲೆ ಚುಂಯ್ ಎಂದಿತು. ಸಹಿಯ ಜಾಗ ಖಾಲಿಯಿದ್ದ ಹಾಳೆಯನ್ನು ಮಡಿಸಿ ಜೇಬಿಗಿಟ್ಟು, ಅವನು ಬಾಗಿಲಲ್ಲಿ ಕುಕ್ಕರಗಾಲಲ್ಲಿ ಕೂತು ಬಾವಿಯ ಕಡೆಗೆ ಹೊಸ ಗೆರೆ ಎಳೆಯತೊಡಗಿದ.

"ಎಲ್ಲಿಗೆ ಸಾರ್?" ಎಂದ ರಜಾಕ್.

"ಇನ್ನೂ ಮುಗಿದಿಲ್ಲ."

"ಅದು ಎಲ್ಲಿ ಮುಗೀತದೆ ಸಾರ್?"

ಚಿಕ್ಕವೆಂಕಟಪ್ಪ ಗೆರೆ ಎಳೆಯುತ್ತಲೇ ಇದ್ದ. ಅರ್ಧ ದಾರಿಗೇ ಸೀಮೆಸುಣ್ಣ ಉಗುರಿನಷ್ಟಾಯಿತು. ಆಮೇಲೆ ಅದೂ ಇಲ್ಲ. ಅವನು ಬೆರಳಿನಿಂದಲೇ ಗಟ್ಟಿ ನೆಲವನ್ನು ಗೀರುತ್ತ ಮುಂದೆ ಸರಿದ. ಹಿಂದೆ, ಮುತ್ಯಾಲಮ್ಮನ ಇಪ್ಪತ್ತೆಂಟನೆಯ ಕೊಡದಿಂದ ತುಳುಕಿದ ಹನಿಗಳು ಗೆರೆಯನ್ನು ಅಲ್ಲಲ್ಲಿ ಅಳಿಸುತ್ತ ಶೆಡ್ಡಿನತ್ತ ಹೋದವು.