ಎಡಗೈಲಿ ಉಣ್ಣುವವರು

ಚಿತ್ರದೊಳಗಿನ ಗಂಡಸು ಎಡಗೈಲಿ ಉಣ್ಣುತ್ತಿದ್ದ.

ಚೌಕಟ್ಟಿನ ಗಾಜು ಒರೆಸುತ್ತಿದ್ದ ಮರೆಮ್ಮನ ಕೈ ನಿಂತಿತು. ಅಪ್ಪ ಅಮೋಘಸಿದ್ದ ಆ ಚಿತ್ರವನ್ನು ತಂದು ಕುಲದೇವರು ಬೀರಪ್ಪನ ಪಟದ ಪಕ್ಕ ತೂಗುಹಾಕಿದ ಮೇಲೆ ಊರಿಗೆ ಊರೇ ಬಂದು ನೋಡಿ ಹೋಗಿತ್ತು. ಆದರೆ ಎಲ್ಲರೂ ನೋಡಿದ್ದು ಕುರಿಗಳನ್ನು. ಕುರುಬರ ಕಣ್ಣು ಮೊದಲು ಹೋಗುವುದು ಕುರಿಯ ಕಿವಿಗೆ. ಅವಳ ಕಣ್ಣೂ ಅಷ್ಟು ದಿನ ಅಲ್ಲೇ ನಿಂತಿತ್ತು.

ಅದು ನೂರು ವರ್ಷಕ್ಕೂ ಹಿಂದಿನ ಅಂಚೆ ಕಾರ್ಡೊಂದರ ದೊಡ್ಡ ನಕಲು. ಕೆಳಗೆ ಇಂಗ್ಲಿಷಿನಲ್ಲಿ ನಿಜಾಮನ ಸೀಮೆಯ ಕುರುಬರು ಎಂದಷ್ಟೇ ಅಚ್ಚಾಗಿತ್ತು. ಊರಿನ ಹೆಸರಿಲ್ಲ, ಮನುಷ್ಯರ ಹೆಸರಿಲ್ಲ. ಹಿಂದೆ ಕೆರೆ ಏರಿಯ ಮೇಲಿನ ಗುಮ್ಮಟವಿದ್ದುದರಿಂದ ಜಾಗ ಯಾವುದೆಂದು ಯಾರೂ ಕೇಳಬೇಕಾಗಿರಲಿಲ್ಲ. ಮುಂದೆ ನಿಂತ ಕುರಿಗಳ ಎಡಗಿವಿಯ ತುದಿ ಸೀಳಿತ್ತು. ಎಡಗಿವಿ ಸೀಳು ಅಮೋಘಸಿದ್ದನ ಮನೆಯ ಗುರುತು, ಬಲಗಿವಿ ಸೀಳು ಜನಾಬಾಯಿಯ ಮನೆಯದು. ಆ ಚಿತ್ರ ತೆಗೆಯುವುದಕ್ಕೂ ಬಹಳ ಹಿಂದೆ ಎರಡೂ ಒಂದೇ ಮನೆ. ಒಡೆದಾಗ ಪಾತ್ರೆ ಪಡಗದ ಜೊತೆ ಕಿವಿಗಳನ್ನೂ ಹಂಚಿಕೊಂಡಿದ್ದರು. ಹಂಚಿಕೊಳ್ಳದೆ ಉಳಿದದ್ದು ಕೆರೆಯಂಗಳ. ನೀರಿಳಿದ ಮೇಲೆ ಅಲ್ಲಿ ಹುಟ್ಟುವ ಹುಲ್ಲು ಮೂಲದಿಂದ ಯಾರ ಹಿಂಡಿನದು ಎಂಬ ಜಗಳ ಕಲ್ಹೇರಿನ ಠಾಣೆಯ ಮೆಟ್ಟಿಲನ್ನೂ ಹತ್ತಿ ಇಳಿದಿತ್ತು. ಇವತ್ತು ಹಿರಿಯರು ಗುಮ್ಮಟದ ನೆರಳಿನಲ್ಲಿ ಕೂತು, ಚಿತ್ರದಲ್ಲಿ ಯಾರ ಕುರಿಯೋ ಅವರದೇ ಹುಲ್ಲು ಎಂದು ಮಾತು ಮುಗಿಸುವವರಿದ್ದರು.

ಮರೆಮ್ಮ ಚಿತ್ರವನ್ನು ಬೆಳಕಿಗೆ ತಿರುಗಿಸಿದಳು. ಎಡಗೈಲಿ ಉಂಡರೆ ತಾಯಂದಿರು ಕೈಮೇಲೆ ಬಾರಿಸುವ ಸೀಮೆ ಇದು. ಆ ಗಂಡಸಿನ ಹಿಂದೆ ಉಣ್ಣೆ ನೂಲುತ್ತ ನಿಂತ ಹೆಂಗಸು. ಅವಳ ಕದಿರೂ ಎಡಗೈಯಲ್ಲಿತ್ತು. ಮೂಲೆಯಲ್ಲೊಬ್ಬ ಮುದುಕ ಫೋಟೊ ತೆಗೆಯುವವನಿಗೆ ಸಲಾಮು ಹೊಡೆದಿದ್ದ, ಅದೂ ಎಡಗೈಲಿ. ಒಬ್ಬ ಎಡಚನಾದರೆ ಸರಿ, ಮೂವರೂ?

ನಕಲು ಮಾಡಿಕೊಟ್ಟ ಜಹೀರಾಬಾದಿನ ಸ್ಟುಡಿಯೊದ ಮೊಹರು ಹಿಂಬದಿಯಲ್ಲಿತ್ತು. ಅವಳು ಆ ನಂಬರಿಗೆ ಫೋನು ಹಚ್ಚಿದಳು. ಸ್ಟುಡಿಯೊದ ಜೈಪಾಲ ಹಳೆಯ ಕಾರ್ಡು ಕೂಡಿಡುವ ಮನುಷ್ಯ.

"ಯಾಕ್ರಿ ಅಕ್ಕಾ, ಫೋಟೊ ಚಲೋ ಬಂದಿಲ್ಲೇನು?"

"ಬಂದದರಿ. ಆದ್ರ ಎಲ್ಲಾರೂ ಎಡಚರೇ ಅದಾರ. ನೀವೇನರ ಕಂಪ್ಯೂಟರ್‌ದಾಗ ಆಟ ಆಡೀರೇನು?"

ಅತ್ತ ಕಡೆ ನಗು ಕೇಳಿಸಿತು. "ನಾ ಯಾಕ ಆಡ್ಲಿರಿ. ಆಗಿನ ಕಾಲದಾಗ ಗಾಜಿನ ಮ್ಯಾಲ ಫೋಟೊ ಹಿಡೀತಿದ್ರು. ಛಾಪಿಸೋ ಮಂದಿ ಆ ಗಾಜು ಉಲ್ಟಾ ಇಟ್ಟಾರ, ಎಡ ಬಲ ಆಗ್ಯದ, ಬಲ ಎಡ ಆಗ್ಯದ. ಭಾಳ ಕಾರ್ಡಿನಾಗ ಹಿಂಗೇ ಇರ್ತದ. ಸೀದಾ ಮಾಡಿ ಕೊಡ್ತೀನಿ ಅಂತ ನಿಮ್ಮ ಅಪ್ಪಾರಿಗಿ ಹೇಳಿದ್ನಲ್ರಿ."

"ಏನಂದ ಅವಾ?"

"ಫೋಟೊ ಭಾಳ ಹೊತ್ತು ನೋಡಿದ್ರು. ಆಮ್ಯಾಲ, ಬ್ಯಾಡಪ್ಪಾ, ಇದ್ದಾಂಗೇ ಇರ್ಲಿ ಅಂದ್ರು."

ಫೋನು ಇಟ್ಟು ಅವಳು ಮತ್ತೆ ಕುರಿಗಳ ಕಿವಿ ನೋಡಿದಳು. ಹಿಂದಿನ ಸಂಜೆ ಜನಾಬಾಯಿ ಬಂದು ಇದೇ ಚಿತ್ರದ ಮುಂದೆ ನಿಂತಿದ್ದಳು. ಗಂಡ ವಿಠೋಬಾ ಸತ್ತ ಮೇಲೆ ಹಿಂಡನ್ನು ಒಬ್ಬಳೇ ಕಾಯುವ ಹೆಂಗಸು; ಬೈದಾಳೆಂದು ಮರೆಮ್ಮ ಸೆರಗು ಬಿಗಿದು ಕಾದಿದ್ದಳು. ಜನಾಬಾಯಿ ಬೈಯಲಿಲ್ಲ. "ಫೋಟೊ ಯಾಕ ಸುಳ್ಳು ಹೇಳ್ತದವ್ವ. ನಮ್ಮ ಮಾವನೇ ಹೇಳಿರಬೇಕು. ಸಾಯೋ ಹೊತ್ನಾಗೂ ಕೆರಿ ನಮ್ದು, ಕೆರಿ ನಮ್ದು ಅಂದ. ಬಾಯಾಗ ನೀರು ಬಿಟ್ಟಾಕಿ ನಾನೇ," ಎಂದಿದ್ದಳು. ಹೊಸ್ತಿಲು ದಾಟುವಾಗ ನಗಲಿಕ್ಕೂ ನೋಡಿದ್ದಳು: "ತಾಂಡೂರ ಕಡಿ ಹೊಡಕೊಂಡು ಹೋಗ್ತೀನಿ ತಗೋ. ಅಲ್ಲಿ ನೆಲಕ್ಕ ಹಾಸೋ ಫರ್ಸಿಕಲ್ಲಿಗಿ ಬರ ಇಲ್ಲ, ಕುರಿ ಅದನ್ನೇ ಮೇಯ್ಲಿ."

ಅಮೋಘಸಿದ್ದ ಅಂಗಳದಲ್ಲಿ ಉಣ್ಣೆ ಕತ್ತರಿ ಮಸೆಯುತ್ತಿದ್ದ. ಮಗಳು ಬಂದು ಎದುರು ನಿಂತರೂ ತಲೆ ಎತ್ತಲಿಲ್ಲ.

"ಯಪ್ಪಾ, ಆ ಕುರಿ ನಮ್ಮವಲ್ಲ."

ಕತ್ತರಿ ಕಲ್ಲಿನ ಮೇಲೆ ಇನ್ನೊಮ್ಮೆ ಹೋಗಿಬಂತು. "ಯಾರಂದ್ರು?"

"ಉಣ್ಣೋ ಕೈ ಹೇಳ್ತು. ಸ್ಟುಡಿಯೊದವನೂ ಹೇಳ್ದ."

"ಊರ ಮಂದಿ ಕಿವಿ ನೋಡ್ಯಾರ. ಹಿರ‍್ಯಾರು ಕಿವಿ ನೋಡ್ತಾರ. ನಿನಗೊಬ್ಬಾಕಿಗಿ ಕೈ ನೋಡೋ ಉಸಾಬರಿ ಯಾಕ ಬೇಕಿತ್ತು?"

"ಜನಾ ಅತ್ತಿ ಸತ್ತ ಮಾವಗ ಸುಳ್ಳುಗಾರ ಅಂದು ಹೋದ್ಳು."

"ಅಂದ್ರ ಅನ್ಲಿ. ಸತ್ತವರಿಗಿ ಹುಲ್ಲು ಬೇಕೇನು?" ಅವನು ಕತ್ತರಿಯ ಅಲಗನ್ನು ಹೆಬ್ಬೆರಳಿನಿಂದ ಮುಟ್ಟಿ ನೋಡಿದ. ಆಮೇಲೆ ಮೆಲ್ಲಗೆ, ಬೇರೆ ಯಾರದೋ ಸುದ್ದಿ ಹೇಳುವವನಂತೆ ಹೇಳಿದ: "ಗಂಡನ ಮನಿ ಬಿಟ್ಟು ನಾರಾಯಣಖೇಡದ ಬಸ್ಸಿಳಿದು ನೀ ಬಂದ ದಿನ, ಈ ಊರಾಗ ಯಾರ ಬಾಗ್ಲಾ ತೆರದಿತ್ತು, ಹೇಳು. ನಿನ್ನ ಪಾಲಿಗೆ ಬರೋ ಕುರಿ ಮುಂದ ಎಲ್ಲಿ ಮೇಯ್ತಾವ, ಅದನ್ನೂ ಹೇಳು."

ಇಷ್ಟು ವರ್ಷ ಆ ತೆರೆದ ಬಾಗಿಲನ್ನು ಮರೆಮ್ಮ ಅಪ್ಪನ ಪ್ರೀತಿ ಎಂದೇ ತಿಳಿದಿದ್ದಳು. ಇರಬಹುದು, ಪ್ರೀತಿಯೇ ಇರಬಹುದು. ಆದರೆ ಈಗ ಅವನ ಒಂದೊಂದು ಮೌನವೂ ಅವಳಿಗೆ ತಿರುವಿ ನೋಡಬೇಕಾದ ಕಾರ್ಡಿನಂತೆ ಕಂಡಿತು. ಅವ್ವನಿಗೆ ಏನು ಹೇಳದೆ ಬಿಟ್ಟಿದ್ದನೋ, ತನಗೇನು ಮುಚ್ಚಿಟ್ಟಿದ್ದನೋ.

ಗುಮ್ಮಟದ ಕಡೆಯಿಂದ ಕೂಗು ಬಂತು. ಅಮೋಘಸಿದ್ದ ರುಮಾಲು ಸುತ್ತಿಕೊಂಡು ಒಳಗೆ ಹೋಗಿ ಚಿತ್ರವನ್ನು ಗೋಡೆಯಿಂದ ಇಳಿಸಿದ. ಎದುರಿನ ಗೋಡೆಯಲ್ಲಿ ಅವನು ಗಡ್ಡ ಹೆರೆದುಕೊಳ್ಳುವ ಕನ್ನಡಿಯಿತ್ತು. ಚಿತ್ರ ಅದರ ಮುಂದೆ ಹಾಯುವಾಗ ಒಂದು ಗಳಿಗೆ ಆ ಗಂಡಸು ಬಲಗೈಲಿ ಉಂಡ. ಹೆಂಗಸು ಬಲಗೈಲಿ ನೂತಳು. ಕುರಿಗಳೆಲ್ಲ ಜನಾಬಾಯಿಯ ಮನೆಯವಾದವು. ಅಪ್ಪನಿಗೂ ಅದು ಕಂಡಿತೇ ಎಂದು ಅವಳು ಅವನ ಮುಖ ನೋಡಿದಳು. ಅವನು ಚಿತ್ರವನ್ನು ಕಂಬಳಿಯಲ್ಲಿ ಸುತ್ತುತ್ತಿದ್ದ.

"ರೊಟ್ಟಿ ಬಡಿದಿಡು. ನಾ ಲಗೂನೇ ಬರ್ತೀನಿ," ಎಂದು ಹೊರಟ.

ಅವನು ಓಣಿ ತಿರುಗುವ ತನಕ ಮರೆಮ್ಮ ಬಾಗಿಲಲ್ಲಿದ್ದಳು. ಒಲೆಯೊಳಗಿನ ಕೊಳ್ಳಿಯನ್ನು ಹೊರಗೆಳೆದು ನೀರು ಚಿಮುಕಿಸಿದಳು. ಮೊಳೆಗೆ ಕಟ್ಟಿದ್ದ ಕನ್ನಡಿಯ ದಾರ ಗಂಟಾಗಿತ್ತು; ಉಗುರಿಗೆ ಬಗ್ಗಲಿಲ್ಲ, ಹಲ್ಲಿನಿಂದ ಬಿಚ್ಚಿದಳು.

ಕೆರೆಯಂಗಳದ ಮಣ್ಣು ಇನ್ನೂ ಹಸಿಯಾಗಿತ್ತು. ಅಪ್ಪನ ಹೆಜ್ಜೆಗಳು ಗುಮ್ಮಟದ ಕಡೆ ನೆಟ್ಟಗೆ ಹೋಗಿದ್ದವು. ಅವುಗಳನ್ನು ತುಳಿಯದಂತೆ ಪಕ್ಕಕ್ಕೆ ಸರಿದು ಅವಳೂ ಅತ್ತಲೇ ನಡೆದಳು. ಎರಡೂ ಕೈಯಲ್ಲಿ ಹಿಡಿದ ಕನ್ನಡಿ ಆಕಾಶಕ್ಕೆ ಮುಖ ಮಾಡಿತ್ತು, ಅದರೊಳಗೆ ಒಂದು ಬಿಳಿಮೋಡ ಅವಳ ಜೊತೆಗೇ ಬರುತ್ತಿತ್ತು.